ಮೆಕೆಂಜಿ ಮನೆತನದ ಮೂಲಪುರುಷ

ಕನ್ನಡನಾಡಿನ ಪೂರ್ವಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಅಪರಿಚಿತವಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯನ್ನು ಅಳೆಯುವ ಕಾರ್ಯಕ್ಕೆ ನಿಯಮಿತನಾದ ಈ ಅಧಿಕಾರಿಯು ನೆಲವನ್ನಳೆದುದಲ್ಲದೆ, ಊರೂರಿನ ಶಾನುಭೋಗರನ್ನೂ ಮಠಗಳ ಹಿರಿಯರನ್ನೂ ಪಾಳೆಯಗಾರರ ಸಂತತಿಯವರನ್ನೂ ವಿಚಾರಿಸಿ ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಬರೆಯಿಸಿ ತರಿಸಿಕೊಂಡನು. ಅವನು 1821ರಲ್ಲಿ ತೀರಿಕೊಂಡ ಮೇಲೆ ವಿಲ್ಸನ್ ಪಂಡಿತನು 1828ರಲ್ಲಿ ಅಚ್ಚುಹಾಕಿಸಿದ ಪಟ್ಟಿಯಲ್ಲಿ ಗ್ರಂಥಗಳ ಹಸ್ತಪ್ರತಿಗಳು 1,568, ಸ್ಥಳೀಯ ವೃತ್ತಾಂತಗಳು 2,070, ಶಾಸನಗಳ ನಕಲುಗಳು 8,076 ಎಂದು ಲೆಕ್ಕವಿದೆ. ಅನ್ಯರ ಮೂಲಪುರುಷರನ್ನು ಇಷ್ಟು ಶ್ರದ್ಧೆಯಿಂದ ಅರಸಿದವನ ಸ್ವಂತ ಕುಲಕ್ಕೆ ಮೂಲಪುರುಷನು ಯಾರು? ಈ ಪ್ರಶ್ನೆಗೆ ಸ್ಕಾಟ್ಲೆಂಡಿನಲ್ಲಿ ಎರಡು ಉತ್ತರಗಳುಂಟು. ಒಂದು, ಅವನ ಕಾಲದಲ್ಲಿ ಕುಲದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದುದು. ಮತ್ತೊಂದು, ಅವನು ತೀರಿದ ಹದಿನಾರು ವರ್ಷಗಳ ತರುವಾಯ ಹಳೆಯ ಓಲೆಯೊಂದರಿಂದ ಹೊರಬಿದ್ದುದು.

ಕಾಲಿನ್ ಮೆಕೆಂಜಿಯು ಹುಟ್ಟಿದುದು 1754ರ ಸುಮಾರಿನಲ್ಲಿ, ಸ್ಕಾಟ್ಲೆಂಡಿನ ವಾಯವ್ಯಕ್ಕೆ ಸಮುದ್ರದ ನಡುವೆ ಇರುವ ಲೂಯಿಸ್ ದ್ವೀಪದ ಸ್ಟಾರ್ನೊವೆ ಎಂಬ ರೇವುಪಟ್ಟಣದಲ್ಲಿ. ತಂದೆ ಮರ್ಡೊ ಮೆಕೆಂಜಿಯು ವರ್ತಕ. ಆ ಊರಿನ ಮೊದಲನೆಯ ಅಂಚೆಯ ಅಧಿಕಾರಿ. ಹುಟ್ಟಿದ ವರ್ಷವನ್ನು ಕೆಲವು ಗ್ರಂಥಗಳು 1753 ಎನ್ನುವುವು. ಇದು ಸೋಜಿಗವಲ್ಲ. ಸ್ಕಾಟ್ಲೆಂಡಿನಲ್ಲಿ ಸರಕಾರದವರೇ ಜನನ ಮರಣಗಳನ್ನು ದಾಖಲೆಮಾಡತೊಡಗಿದುದು 1855ರಲ್ಲಿ. ಅದಕ್ಕೆ ಹಿಂದೆ ಇದ್ದುದು ಇಗರ್ಜಿಗಳ ದೀಕ್ಷಾಸ್ನಾನದ ಪುಸ್ತಕಗಳು ಮಾತ್ರ. ಅವುಗಳಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯದಾದ ಎರಲ್ ಗ್ರಾಮದ ಪುಸ್ತಕವು 1553ರಲ್ಲಿ ಆರಂಭವಾಗುವುದಾದರೂ, ಬೆಟ್ಟನಾಡಿನ ಅನೇಕ ಊರುಗಳಲ್ಲಿ 18ನೆಯ ಶತಮಾನವು ಬಹಳ ಕಳೆಯುವವರೆಗೂ ಇಂತಹ ಪುಸ್ತಕಗಳೇ ದೊರೆಯವು. ಆದುದರಿಂದ ಬೆಟ್ಟನಾಡಿನವನೊಬ್ಬನು ತನ್ನ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಕೆಲವೇ ತಲೆಗಳಲ್ಲಿ ಕಾಗದವು ಮುಗಿದು ಕಥೆಯು ತೊಡಗುವುದು. ಅಲ್ಲಿಂದ ಮುಂದೆ ಅವನಿಗೆ ದಾರಿ ತೋರತಕ್ಕದ್ದು ಕುಲದ ಹೆಸರೊಂದೇ. ‘ಮ್ಯಾಕ್’ ಎಂದರೆ ಗೇಲಿಕ್ ಭಾಷೆಯಲ್ಲಿ ಮಗನು. ಮೆಕೆಂಜಿ ಎಂದರೆ ಕೆನೆತ್ತನ ಮಗನು. ಆ ಕೆನೆತ್ತನು ಯಾರ ಮಗನೆಂಬುದೇ ವಿವಾದ.

ಕುಲದವರು ಹೇಳುತ್ತಿದ್ದ ಕಥೆ ಇದು. ಐರ್ಲೆಂಡಿನ ಫಿಟ್ಜ್‌ಜೆರಾಲ್ಡ್ ಎಂಬ ಪ್ರಖ್ಯಾತ ಮನೆತನದ ಕಾಲಿನ್ ಎಂಬ ವೀರನು ನಾಡನ್ನು ಬಿಟ್ಟು ಸ್ಕಾಟ್ಲೆಂಡಿನ ಅರಸನಾದ ಮೂರನೆಯ ಅಲೆಕ್ಸಾಂಡರನ ಆಶ್ರಯಕ್ಕೆ ಬಂದನು. 1263ರಲ್ಲಿ ನಾರ್ವೆಯವರೊಡನೆ ಲಾರ್ಗ್ಸ್ ಎಂಬಲ್ಲಿ ನಡೆದ ಕಾಳಗದಲ್ಲಿ ಪರಾಕ್ರಮವನ್ನು ತೋರಿದನು. ಬೇಟೆಯಲ್ಲಿ ಒಮ್ಮೆ ಗಾಯಗೊಂಡ ಸಾರಂಗವೊಂದು ಕುದುರೆಯಿಂದ ಬಿದ್ದ ಅರಸನ ಮೇಲೆ ಎರಗಲು, ‘ಅರಸನಿಗೆ ನೆರವಾಗು’ ಎಂದು ಕೂಗುತ್ತ ನುಗ್ಗಿ ಅದನ್ನು ಕೊಂದನು. ಪ್ರತಿಫಲವಾಗಿ 1266ರಲ್ಲಿ ಪಡುವಣ ಕರಾವಳಿಯ ಕಿನ್‌ಟೇಲ್ ಸೀಮೆಯು ರಾಜಪತ್ರದ ಮೂಲಕ ಅವನಿಗೆ ದತ್ತವಾಯಿತು. ಮೆಕೆಂಜಿಗಳ ಲಾಂಛನದಲ್ಲಿ ಸಾರಂಗದ ತಲೆ ಇರುವುದಕ್ಕೆ ಇದೇ ಕಾರಣವೆಂದು ಅವರ ನಂಬುಗೆ. ಕುಲದ ನಾಯಕನಾದ ಫ್ರಾನ್ಸಿಸ್ ಹಂಬರ್‌ಸ್ಟನ್ ಮೆಕೆಂಜಿಯು 1786ರಲ್ಲಿ ಬೆಂಜಮಿನ್ ವೆಸ್ಟ್ ಎಂಬ ಚಿತ್ರಕಾರನಿಂದ ಈ ಪ್ರಸಂಗವನ್ನು ಬರೆಯಿಸಿದನು. ಸುಮಾರು ಹನ್ನೆರಡು ಅಡಿ ಎತ್ತರ, ಹದಿನೇಳು ಅಡಿ ಅಗಲದ ಪಟ! ಅದು ಸಿದ್ಧವಾಗುವ ವೇಳೆಗೆ ಸ್ಟಾರ್ನೊವೆಯ ವರ್ತಕನ ಮಗನು ಮದರಾಸಿಗೆ ಬಂದು ಮೂರು ವರ್ಷಗಳಾಗಿದ್ದುವು. ಈ ನಾಯಕರ ಮನೆಯವರು 1778ರಲ್ಲಿ ಕಟ್ಟಿದ ಪಟಾಲಮೇ 1791ರಲ್ಲಿ ಬೆಂಗಳೂರಿನ ಮುತ್ತಿಗೆಯಲ್ಲಿ ಕಾದಿತೆಂಬುದನ್ನೂ ಇಲ್ಲಿ ನೆನೆಯಬಹುದು.

ಈ ಕಥೆಯ ಬುಡಕ್ಕೆ ಕೊಡಲಿಯನ್ನಿಟ್ಟವನು ಎಡಿನ್‌ಬರೊ ನಗರದ ವಕೀಲನೂ ವಿದ್ವಾಂಸನೂ ಆದ ವಿಲಿಯಂ ಸ್ಕೀನ್. ಅಲ್ಲಿಯ ವಕೀಲರ ಪುಸ್ತಕಭಂಡಾರದಲ್ಲಿ 1467ರ ಕಾಲಸೂಚನೆಯುಳ್ಳ ಗೇಲಿಕ್ ಚರ್ಮಪತ್ರಗಳು ಅವನ ಕಣ್ಣಿಗೆ ಬಿದ್ದುವು. ಬೆಟ್ಟನಾಡಿನ ಅನೇಕ ಕುಲಗಳ ವಂಶಾವಳಿಯು ಅದರಲ್ಲಿದ್ದಿತು. ಮೆಕೆಂಜಿಗಳ ಸಾಲನ್ನು ಬಿಡಿಸಿ ಓದಲಾಗಿ, ಮಗನಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ ಏರುತ್ತ ಹೋದ ಹೆಸರುಗಳು ಏರ್ಡ್ ಸೀಮೆಯ ಗಿಲ್ಲಿಯೋನ್ ಎಂಬ ನಾಡಿನವನೇ ಆದ ಗೇಲಿಕ್ ಪುರುಷನಲ್ಲಿಗೆ ಮುಟ್ಟಿದುವು. ಫಿಟ್ಜ್‌ಜೆರಾಲ್ಡನ ಸುಳಿವೂ ಅದರಲ್ಲಿಲ್ಲ. ಕಾಲಿನ್ ಎಂಬ ಹೆಸರೇ ಇಲ್ಲ. ಸ್ಕೀನನು ಇದನ್ನು 1837ರಲ್ಲಿ ಪ್ರಕಟಿಸಿದನು. ಅವನ ಓದಿನಲ್ಲಿ ತಪ್ಪುಗಳಿದ್ದು ಮುಂದಿನವರು ತಿದ್ದಿರುವುದುಂಟು. ಗಿಲ್ಲಿಯೋನನಿಗಿಂತ ಹಿಂದಿನ ಹೆಸರುಗಳನ್ನು ಯಾರೂ ಗಟ್ಟಿಯಾಗಿ ನಂಬುವಂತಿಲ್ಲ. ಆದರೆ ಮುಖ್ಯಾಂಶವು ನಿಂತಿದೆ. ಇತ್ತ 1266ರ ರಾಜಪತ್ರದ ಮೂಲವಾದರೋ ಉಳಿದಿಲ್ಲ, ನಕಲುಗಳಷ್ಟೇ ಇರುವುವು. ಅದರಲ್ಲಿ ಬರುವ ಸಾಕ್ಷಿಗಳು ಆ ಅರಸನ ತಂದೆಯ ಕಾಲದವರೆಂದು ವಿದ್ವಾಂಸರು ವಾದಿಸಿರುವರು. ನಂಬತಕ್ಕ ದಾಖಲೆಗಳಲ್ಲಿ ಕಾಲಿನ್ ಎಂಬ ಹೆಸರಿನ ಕುಲನಾಯಕನು ಮೊದಲು ಕಾಣಿಸಿಕೊಳ್ಳುವುದು 16ನೆಯ ಶತಮಾನದಲ್ಲಿ.

ಹಾಗಾದರೆ ಈ ಐರಿಷ್ ವೀರನನ್ನು ಕರೆತಂದವರು ಯಾರು, ಏತಕ್ಕೆ? ಕಥೆಯು ಸುಳ್ಳೆಂದು ತೋರಿಸಿ ಕೈತೊಳೆದುಕೊಳ್ಳುವುದು ಸುಲಭ. ಸುಳ್ಳಿಗೂ ಒಂದು ಜನ್ಮಕಾಲವುಂಟು, ಅದನ್ನು ಹುಡುಕುವುದು ಹೆಚ್ಚು ಲಾಭಕರ. 1597ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಬೆಟ್ಟನಾಡಿನ ಮತ್ತು ದ್ವೀಪಗಳ ಒಡೆಯರೆಲ್ಲರೂ ತಮ್ಮ ಭೂಮಿಯ ಹಕ್ಕುಪತ್ರಗಳನ್ನು ಹಾಜರುಪಡಿಸಬೇಕೆಂದೂ, ತಪ್ಪಿದವರ ಹಕ್ಕು ರದ್ದಾಗುವುದೆಂದೂ ವಿಧಿಸಿತು. ಕತ್ತಿಯ ಬಲದಿಂದಲೂ ಭಟರ ಹಾಡಿನಿಂದಲೂ ತಲೆಮಾರುಗಳ ಕಾಲ ನೆಲವನ್ನಾಳಿದವರಿಗೆ ಒಮ್ಮೆಗೇ ಕಾಗದವು ಬೇಕಾಯಿತು. 1852ರ ಇನಾಮು ಕಮಿಷನ್ನಿನ ಕಾಲದಲ್ಲಿ ಸನದುಗಳಿಗಾಗಿ ಅಟ್ಟದ ಪೆಟ್ಟಿಗೆಗಳನ್ನೆಲ್ಲ ತಡಕಿದ ಧಾರವಾಡ ಸೀಮೆಯ ಮನೆತನಗಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೂಯಿಸ್ ದ್ವೀಪವನ್ನು ಆಳುತ್ತಿದ್ದ ಮೆಕ್ಲೌಡರು ನೆಲವನ್ನು ಕಳೆದುಕೊಂಡರು. ಅರಸನು ಅದನ್ನು ಫೈಫ್ ಸೀಮೆಯ ಸಾಹಸಿಗಳ ಒಂದು ಕೂಟಕ್ಕೆ ಕೊಟ್ಟನು. ಅವರಿಂದ ಆಗದೆಹೋಗಲು 1610ರಲ್ಲಿ ಕಿನ್‌ಟೇಲಿನ ಕೆನೆತ್ ಮೆಕೆಂಜಿಯು ಅವರ ಹಕ್ಕನ್ನು ಕ್ರಯಕ್ಕೆ ಕೊಂಡನು. ಅವನ ಮಗನು 1623ರಲ್ಲಿ ಸೀಫೋರ್ತಿನ ಅರ್ಲ್ ಪದವಿಗೇರಿದನು. ಹೀಗೆ ಹೊಸದಾಗಿ ಮೇಲೆ ಬಂದ, ಅದೂ ನೆರೆಯವರ ನೆಲದ ಮೇಲೆ ನಿಂತ ಮನೆತನಕ್ಕೆ ಎರಡು ಅಗತ್ಯಗಳಿದ್ದುವು: ಹಳೆಯದೊಂದು ರಾಜದಾನ, ಮತ್ತು ದಕ್ಷಿಣದ ಶ್ರೀಮಂತರು ‘ಕಾಡುಜನ’ವೆಂದು ಹೀಯಾಳಿಸುತ್ತಿದ್ದ ಗೇಲಿಕ್ ರಕ್ತಕ್ಕಿಂತ ಮೇಲಾದುದೆನಿಸಿದ ಒಬ್ಬ ಪೂರ್ವಿಕ. ಕಾಲಿನ್ ಫಿಟ್ಜ್‌ಜೆರಾಲ್ಡನು ಎರಡನ್ನೂ ಒದಗಿಸಿದನು. ಅವನ ಚರಿತ್ರೆಯನ್ನು 17ನೆಯ ಶತಮಾನದ ಉತ್ತರಾರ್ಧದಲ್ಲಿ ಹರಡಿದವರಲ್ಲಿ ಮುಖ್ಯನಾದ ಜಾರ್ಜ್ ಮೆಕೆಂಜಿಯು, ಮುಂದೆ ಕ್ರಾಮರ್ಟಿಯ ಅರ್ಲ್ ಎನಿಸಿದವನು, ಅದೇ ಕುಲದ ರಾಜಕಾರ್ಯಧುರಂಧರನು. ಇನ್ನೊಂದು ವಿಚಿತ್ರವನ್ನು ಗಮನಿಸಬೇಕು: ಗಿಲ್ಲಿಯೋನನನ್ನು ಮರೆತವರು ಶತ್ರುಗಳಲ್ಲ, ಅವನ ಸಂತತಿಯವರೇ.

ಇಂತಹ ಕಥೆಯ ಅಚ್ಚು ಕನ್ನಡಿಗರಿಗೆ ಹೊಸದಲ್ಲ. ದೂರದೇಶದಿಂದ ಬರುವ ಕುಲೀನ ವೀರ, ಆಪತ್ತಿನಲ್ಲಿರುವ ಅರಸುಮನೆ, ಒಂದು ಸಾಹಸ, ಅದಕ್ಕೆ ಫಲವಾಗಿ ನೆಲ. ದ್ವಾರಕೆಯಿಂದ ಬಂದ ಯದುರಾಯ ಕೃಷ್ಣರಾಯರು 1399ರಲ್ಲಿ ಹದಿನಾಡಿನ ಅರಸುಮಗಳನ್ನು ಕಾರುಗಹಳ್ಳಿಯ ಮಾರನಾಯಕನಿಂದ ಪಾರುಮಾಡಿದ ಮೈಸೂರಿನ ಐತಿಹ್ಯವು ವಾಚಕರಿಗೆ ತಿಳಿದೇ ಇದೆ. ಒಂದು ಮತ್ತೊಂದರ ನಕಲೆಂದಾಗಲಿ, ಎರಡೂ ಸಮಾನವಾಗಿ ಸುಳ್ಳೆಂದಾಗಲಿ ಇದರಿಂದ ಹೇಳಿದಂತಾಗಲಿಲ್ಲ. ನೆಲದೊಡೆತನವನ್ನು ಸಮರ್ಥಿಸಿಕೊಳ್ಳುವ ಮನೆತನಗಳು ಎಲ್ಲಿಯೇ ಇರಲಿ, ಅವಕ್ಕೆ ಹೊಳೆಯುವ ಕಥೆಯು ಒಂದೇ ಜಾಡಿನದು.

ಕರ್ನಲ್ ಮೆಕೆಂಜಿಯು ಈ ವಂಶಾವಳಿಗಳ ದಾರಿಗೆ ಬಿದ್ದುದೂ ಒಬ್ಬ ಪೂರ್ವಿಕನ ನೆಪದಿಂದಲೇ. ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ ಹೇಳಿರುವಂತೆ, ನೇಪಿಯರ್ ಪ್ರಭುವು ತನ್ನ ಪೂರ್ವಜನೂ ಲಾಗರಿತಮ್ ಗಣಿತದ ಕರ್ತೃವೂ ಆದ ಜಾನ್ ನೇಪಿಯರನ ಚರಿತ್ರೆಯನ್ನು ಬರೆಯಲು ತೊಡಗಿ, ಹಿಂದೂಗಳ ಗಣಿತವನ್ನು ಕುರಿತು ತಿಳಿವಳಿಕೆಯನ್ನು ಒದಗಿಸುವ ಕೆಲಸವನ್ನು ತರುಣ ಮೆಕೆಂಜಿಗೆ ಒಪ್ಪಿಸಿದ್ದನು. ಭಾರತಕ್ಕೆ ಬಂದ ಮೇಲೆ ಮಧುರೆಯಲ್ಲಿ ಆ ಪ್ರಭುವಿನ ಮಗಳ ಮನೆಯಲ್ಲಿಯೇ ಅವನಿಗೆ ಪಂಡಿತರ ಪರಿಚಯವಾಯಿತು. ಮುಂದೆ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರೂ ಮಲೆಯೂರಿನ ಜೈನ ಧರ್ಮಯ್ಯನೂ ಅವನ ಕೈಕಾಲುಗಳಂತಾದರು. ಅವನಿಗೆ ಕನ್ನಡ ಬಾರದು, ಸಂಸ್ಕೃತ ಬಾರದು. ತಂದುಕೊಟ್ಟವರು ಹೇಳಿದುದನ್ನು ಹೇಳಿದಂತೆಯೇ ಬರೆಯಿಸಿ ಕೂಡಿಟ್ಟನು. ಸೂರ್ಯವಂಶವೆಂದವರನ್ನು ಗದರಿಸಲಿಲ್ಲ, ಚಂದ್ರವಂಶವೆಂದವರಿಗೆ ತಲೆದೂಗಲೂ ಇಲ್ಲ. ಇದನ್ನು ಅವನ ಕೊರತೆಯೆಂದು ಎಣಿಸಿದವರುಂಟು. ಆದರೆ ಒಂದೇ ಊರಿನ ಕೈಫಿಯತ್ತನ್ನೂ ಶಾಸನದ ನಕಲನ್ನೂ ಎದುರುಬದುರಾಗಿ ಇಟ್ಟು ನೋಡುವ ಅನುಕೂಲವು ಹಿಂದಿನಿಂದ ಬಂದ ಚರಿತ್ರಕಾರರಿಗೆ ದೊರೆತುದು ಈ ಕೊರತೆಯಿಂದಲೇ. ಸ್ಕೀನನು ಎಡಿನ್‌ಬರೊದಲ್ಲಿ ಮಾಡಿದುದು ಅದನ್ನೇ: ಚರ್ಮಪತ್ರವನ್ನು ಒಂದು ಕಡೆ, ಕುಲದ ಕಥೆಯನ್ನು ಇನ್ನೊಂದು ಕಡೆ ಇಟ್ಟನು.

ಸ್ಕೀನನ ಮಾತನ್ನು ಕುಲದವರು ಒಡನೆಯೇ ಒಪ್ಪಲಿಲ್ಲ. ನಾಲ್ಕು ದಶಕಗಳು ಕಳೆದ ಬಳಿಕ, 1879ರಲ್ಲಿ, ಆ ಹೆಸರಿನವನೇ ಆದ ಅಲೆಕ್ಸಾಂಡರ್ ಮೆಕೆಂಜಿಯು ತನ್ನ ಕುಲದ ದೊಡ್ಡ ಚರಿತ್ರೆಯನ್ನು ಬರೆದು ಐರಿಷ್ ಪೂರ್ವಿಕನನ್ನು ಕೈಬಿಟ್ಟು ಗೇಲಿಕ್ ಮೂಲವನ್ನು ಎತ್ತಿಹಿಡಿದನು. ವೆಸ್ಟನ ಪಟವು ಈಗ ಎಡಿನ್‌ಬರೊದ ರಾಷ್ಟ್ರೀಯ ಚಿತ್ರಶಾಲೆಯ ಸ್ವತ್ತು. ಅದರ ಶಿರೋನಾಮೆಯಲ್ಲಿ ಅರಸನನ್ನು ಕಾಪಾಡಿದವನ ಹೆಸರು ಕಾಲಿನ್ ಫಿಟ್ಜ್‌ಜೆರಾಲ್ಡ್ ಎಂದೇ ಇದೆ.