ಶಾಸನಗಳಲ್ಲಿ ಸುಂಕ: ‘ಬಿಟ್ಟರ್’ ಅಂದರೆ ಏನು?

ಸಂಸ್ಕೃತದ ‘ಶುಲ್ಕ’ ಪ್ರಾಕೃತದಲ್ಲಿ ‘ಸುಂಕ’ ಆಗಿ ಕನ್ನಡಕ್ಕೆ ಬಂತು. ಈಗ ನಮ್ಮಲ್ಲಿ ಎರಡೂ ಇವೆ: ಕಾಲೇಜಿಗೆ ಕಟ್ಟೋದು ಶುಲ್ಕ, ಆಮದು ಸರಕಿಗೆ ಕಟ್ಟೋದು ಸುಂಕ. ಕೌಟಿಲ್ಯನ ಶುಲ್ಕಾಧ್ಯಕ್ಷ ಊರಬಾಗಿಲ ಬಳಿ ವ್ಯಾಪಾರಿಗಳಿಂದ ವಸೂಲಿ ಮಾಡಿಸುತ್ತಿದ್ದದ್ದು ಈ ಎರಡನೆಯದನ್ನೇ.

ರಾಯಚೂರು ಸೀಮೆಯ ಕಲ್ಲೂರು ಇರುವುದು ಕೃಷ್ಣಾ-ತುಂಗಭದ್ರೆಗಳ ನಡುವೆ, ಶಾಸನಗಳು ‘ಎಡೆದೊರೆ’ ಎನ್ನುವ ನಾಡಿನಲ್ಲಿ. ಈ ಭಾಗವನ್ನು ಆಳಿದ ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪೆರ್ಜುಂಕ ಎಂದರೆ ಹಿರಿಯ ಸುಂಕ. ಪಕಾರ ಹಕಾರವಾದ ಮೇಲೆ ಅದೇ ಹೆಜ್ಜುಂಕ.

ಇಲ್ಲೇ ಓದುಗರು ಎಡವುವುದುಂಟು. ದೇವರ ನಂದಾದೀಪಕ್ಕೆ ‘ಸುಂಕಮಂ ಬಿಟ್ಟರ್’ ಎಂದಿದ್ದರೆ, ವ್ಯಾಪಾರಿಗೆ ಸುಂಕ ಮಾಫಿ ಆಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ದಾನಶಾಸನದ ‘ಬಿಡು’ ಎಂದರೆ ಸಾಮಾನ್ಯವಾಗಿ ದತ್ತಿ ಕೊಡು ಎಂದರ್ಥ. ಎತ್ತಿನ ಮೇಲೆ ಹೇರು ತಂದವನು ಕೊಡುವುದನ್ನು ಕೊಡಲೇಬೇಕು. ಅದು ಅರಮನೆಯ ಬದಲು ಗುಡಿಗೆ ಹೋಗುತ್ತಿತ್ತು, ಅಷ್ಟೇ. ನಿಜವಾದ ಮಾಫಿಗೆ ‘ಪರಿಹಾರ’ ಎಂಬ ಮಾತಿದೆ. ತಮಿಳುನಾಡಿನಲ್ಲಿ 1ನೇ ಕುಲೋತ್ತುಂಗ ಚೋಳನಿಗೆ (1070–1122) ‘ಸುಂಗಂ ತವಿರ್ತ್ತ’, ಅಂದರೆ ಸುಂಕ ರದ್ದುಮಾಡಿದ, ಎಂಬ ಬಿರುದೇ ಇದೆ.

ಈ ವ್ಯತ್ಯಾಸ ಮರೆತರೆ ದೊರೆಯ ಔದಾರ್ಯವಷ್ಟೇ ಕಾಣುತ್ತದೆ; ದೀಪದ ಎಣ್ಣೆಗೆ ಹಣ ಕೊಟ್ಟ ಹೇರಿನವನು ಮರೆಯಾಗುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಮಾತ್ರ ಅವನ ಕಡೆಯದು.