ಏಳಕ್ಕೆ ಎರಡು

ಮುಂಬಯಿಯ ಫೋರ್ಟ್ ಭಾಗದಲ್ಲಿ ನೌಕರಿ ಮಾಡುವ ಕನ್ನಡಿಗರಾದ ನಾವು ದಿನವೂ ಹೈಕೋರ್ಟಿನ ಕಲ್ಲುಕಟ್ಟಡದ ಮುಂದೆ ಹಾದುಹೋಗುತ್ತೇವೆ. ಒಳಗೆ ಒಂದು ಅಮೃತಶಿಲೆಯ ಫಲಕವಿದೆ. 1908ರಲ್ಲಿ ಶಿಕ್ಷೆಗೆ ಮುಂಚೆ ಲೋಕಮಾನ್ಯ ತಿಲಕರು ಅಲ್ಲಿ ಆಡಿದ ಮಾತುಗಳನ್ನು ಅದರಲ್ಲಿ ಕೊರೆದಿದ್ದಾರೆ. 1956ರಲ್ಲಿ ಅದನ್ನು ಅನಾವರಣ ಮಾಡಿದವರು ಅದೇ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಛಾಗಲಾ ಅವರು. ದಂಡಿಸಿದ ಮನೆಯೇ ದಂಡಿತನ ಮಾತನ್ನು ಗೋಡೆಗೆ ಏರಿಸಬೇಕಾದರೆ ಅಂದು ನಡೆದುದಾದರೂ ಏನು?

ಮುಜಫರಪುರದ ಬಾಂಬಿನ ಪ್ರಕರಣ ಕುರಿತು ‘ಕೇಸರಿ’ಯಲ್ಲಿ ಬಂದ ಲೇಖನಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಆರೋಪ ಬಂದಿತ್ತು. ನ್ಯಾಯಾಸನದಲ್ಲಿದ್ದವರು ದಿನಶಾ ದಾವರ. 1897ರ ರಾಜದ್ರೋಹದ ಖಟ್ಲೆಯಲ್ಲಿ ಇದೇ ದಾವರರು ತಿಲಕರ ವಕೀಲರಾಗಿ ನಿಂತು ಜಾಮೀನು ಬೇಡಿದ್ದರು. ನ್ಯಾಯಮೂರ್ತಿ ಬದ್ರುದ್ದೀನ ತ್ಯಾಬಜಿ ಕೊಟ್ಟಿದ್ದರು. ಹನ್ನೊಂದು ವರ್ಷಗಳ ಮೇಲೆ ಬ್ಯಾರಿಸ್ಟರ ಜಿನ್ನಾ ಅದನ್ನೇ ಬೇಡಿದಾಗ ದಾವರರು ನಿರಾಕರಿಸಿದರು. ಕಾರಣ ಹೇಳುವುದೂ ಉಚಿತವಲ್ಲವೆಂದರು. ನಾವು ಬ್ಯಾಂಕಿನ ಗುಮಾಸ್ತರು. ನಮ್ಮ ಖಾತೆಯ ಚೆಕ್ಕನ್ನು ನಾವೇ ಪಾಸು ಮಾಡುವಂತಿಲ್ಲ. ನಾವು ಕಳ್ಳರೆಂದಲ್ಲ, ನೋಡಿದವರಿಗೆ ಸಂಶಯ ಬರಬಾರದೆಂದು. ಹಳೆಯ ಕಕ್ಷಿದಾರನ ವಿಚಾರಣೆಗೆ ಕೂತವನು, ತನಗೆ ಅವನ ಮೇಲೆ ಒಲವಿಲ್ಲವೆಂದು ತೋರಿಸಲು ಹೋಗಿ ಇನ್ನೊಂದು ಬದಿಗೆ ವಾಲಿದರೆ ಅದನ್ನು ಅಳೆಯುವ ತಕ್ಕಡಿ ಯಾವುದು? ದಾವರರು ಆಸನ ಬಿಟ್ಟುಕೊಡಬಹುದಾಗಿತ್ತೆಂದೇ ನಮ್ಮ ಎಣಿಕೆ.

ಆದರೆ ದೊಡ್ಡ ಅನ್ಯಾಯ ಜ್ಯೂರಿಯಲ್ಲಿತ್ತು. ಸರಕಾರ ವಿಶೇಷ ಜ್ಯೂರಿ ಬೇಡಿತು. ತಿಲಕರ ಪಕ್ಷ ವಿರೋಧಿಸಿದರೂ ನ್ಯಾಯಾಧೀಶರು ಒಪ್ಪಿದರು. ಏಳು ಜನ ಐರೋಪ್ಯರು, ಇಬ್ಬರು ಪಾರಸಿಗಳು. ಲೇಖನಗಳಿದ್ದುದು ಮರಾಠಿಯಲ್ಲಿ, ಜ್ಯೂರಿಯ ಮುಂದಿದ್ದುದು ಇಂಗ್ಲಿಷ್ ಭಾಷಾಂತರ. ಒಂದು ಶಬ್ದದ ಕಾವು ಭಾಷಾಂತರದಲ್ಲಿ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಪರಭಾಷೆಯ ಊರಲ್ಲಿ ಬಾಳುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ತಿಲಕರು ತಮ್ಮ ವಾದವನ್ನು ತಾವೇ ಹೂಡಿದರು. ಸರಕಾರದ ಭಾಷಾಂತರಕಾರನಿಗೆ ಒಂದೊಂದು ಶಬ್ದ ಹಿಡಿದು ಸವಾಲು ಹಾಕಿದರು, ಹಲವು ದಿನಗಳಲ್ಲಿ ಸುಮಾರು 21 ತಾಸು ಮಾತನಾಡಿದರು. ಜುಲೈ 22ರ ರಾತ್ರಿ ಜ್ಯೂರಿಯ ಅಭಿಪ್ರಾಯ ಹೊರಬಿತ್ತು: ಏಳಕ್ಕೆ ಎರಡು, ಅಪರಾಧಿ. ಆರು ವರ್ಷ ಗಡೀಪಾರು, ಸಾವಿರ ರೂಪಾಯಿ ದಂಡ. ಮರುದಿನ ಅವರ ಐವತ್ತೆರಡನೆಯ ಹುಟ್ಟುಹಬ್ಬ. ಗಿರಣಿ ಕಾಮಗಾರರು ಆರು ದಿನ ಕೆಲಸ ನಿಲ್ಲಿಸಿದರು.

ಮಂಡಾಲೆಯಿಂದ ಮರಳಿದ ಮೇಲೆ ಮತ್ತೊಂದು ಪ್ರಕರಣ ಬಂತು. ಇದರಲ್ಲಿ ನಮ್ಮ ಬೆಳಗಾವಿಯ ಹೆಸರೂ ಇದೆ. 1916ರಲ್ಲಿ ಅಲ್ಲಿ ಮಾಡಿದ ಒಂದು ಭಾಷಣ, ಅಹಮದನಗರದಲ್ಲಿ ಮಾಡಿದ ಎರಡು ಭಾಷಣ, ಎಲ್ಲ ಹೋಮರೂಲಿನ ವಿಷಯ. ಇವು ರಾಜದ್ರೋಹವೆಂದು ಪುಣೆಯ ಮ್ಯಾಜಿಸ್ಟ್ರೇಟರು ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆ ಕೇಳಿದರು. ಜಿನ್ನಾ ಮತ್ತೆ ವಾದಕ್ಕೆ ನಿಂತರು. ಅದೇ ಹೈಕೋರ್ಟು, ಅದೇ ತಿಲಕ, ಅದೇ ಮರಾಠಿ. ಆದರೆ ಇಲ್ಲಿ ಜ್ಯೂರಿ ಇರಲಿಲ್ಲ. ನ್ಯಾಯಮೂರ್ತಿ ಬ್ಯಾಚಲರ್ ಮತ್ತು ಶಾ ಅವರು ಅಲ್ಲೊಂದು ಇಲ್ಲೊಂದು ವಾಕ್ಯ ಹೆಕ್ಕದೆ ಭಾಷಣಗಳ ಒಟ್ಟು ಪರಿಣಾಮವನ್ನು ತೂಗಿನೋಡಿದರು. ಇಬ್ಬರಲ್ಲಿ ಬ್ಯಾಚಲರ್ ಇಂಗ್ಲಿಷರೆಂಬುದನ್ನು, ದಾವರರು ಈ ನೆಲದವರೆಂಬುದನ್ನು ಓದುಗರು ಗಮನಿಸಬೇಕು. ಆ ವರ್ಷದ ನವೆಂಬರಿನಲ್ಲಿ ಮುಚ್ಚಳಿಕೆಯ ಆಜ್ಞೆ ರದ್ದಾಯಿತು.