ಫೆರಾರಾ ಬಸ್ಕರ್ಸ್ ಉತ್ಸವ

ಫೆರಾರಾ ಬಸ್ಕರ್ಸ್ ಉತ್ಸವ: ಉತ್ತರ ಇಟಲಿಯ ಫೆರಾರಾ ನಗರದಲ್ಲಿ ಪ್ರತಿವರ್ಷ ಆಗಸ್ಟ್ ಕೊನೆಯ ಭಾಗದಲ್ಲಿ ನಡೆಯುವ ಅಂತಾರಾಷ್ಟ್ರೀಯ ಬೀದಿ ಸಂಗೀತ ಉತ್ಸವ. 1988ರಲ್ಲಿ ಆರಂಭವಾದ ಇದು ಯುರೋಪಿನ ಹಳೆಯ ಮತ್ತು ದೊಡ್ಡ ಬೀದಿ ಸಂಗೀತ ಮೇಳಗಳಲ್ಲಿ ಒಂದು. ಸಂಗೀತಗಾರರ ಜೊತೆಗೆ ಕಸರತ್ತಿನವರು, ಚೆಂಡುಗಳ ಕೈಚಳಕ ತೋರುವವರು, ಮೂಕಾಭಿನಯದವರು, ಬೊಂಬೆಯಾಟದವರೂ ಸೇರುತ್ತಾರೆ. ವೇದಿಕೆ, ಕುರ್ಚಿ, ಟಿಕೆಟ್ ಮೂರೂ ಇಲ್ಲದ ಉತ್ಸವ ಎಂಬುದೇ ಮೊದಲ ಮೂರು ದಶಕಗಳಲ್ಲಿ ಇದರ ಹೆಗ್ಗಳಿಕೆಯಾಗಿತ್ತು. ಆ ಹೆಗ್ಗಳಿಕೆ ಈಗ ಪೂರ್ತಿಯಾಗಿ ಉಳಿದಿಲ್ಲ.

ಉತ್ಸವವನ್ನು ಹುಟ್ಟುಹಾಕಿದ ಸ್ತೆಫಾನೊ ಬೊತ್ತೋನಿ ವೃತ್ತಿಯಿಂದ ಕಮ್ಮಾರ. ಸಂಗೀತದ ಹುಚ್ಚಿನ ಜೊತೆಗೆ ಬೀದಿಯ ಮೇಲೆ ವಿಚಿತ್ರವಾದ ಪ್ರೀತಿಯೂ ಆತನಿಗೆ ಇತ್ತು. ಜಗತ್ತಿನ ನಾನಾ ನಗರಗಳಿಂದ ಮ್ಯಾನ್‌ಹೋಲ್ ಮುಚ್ಚಳಗಳನ್ನು ತರಿಸಿ ಅದಕ್ಕೊಂದು ವಸ್ತುಸಂಗ್ರಹವನ್ನೇ ಮಾಡಿದವನು ಈತ. ಬೀದಿಯಲ್ಲಿ ನುಡಿಸುವವರನ್ನು ಊರಿಗೆ ಕರೆಸಿ ಅತಿಥಿಗಳಂತೆ ನಡೆಸಿಕೊಳ್ಳಬೇಕು ಎಂಬ ಯೋಚನೆ ಅಂದಿನ ಇಟಲಿಯಲ್ಲಿ ಸಲೀಸಾಗಿ ಒಪ್ಪಿಗೆಯಾಗುವಂಥದ್ದಾಗಿರಲಿಲ್ಲ. ಫ್ಯಾಸಿಸ್ಟ್ ಆಡಳಿತದಲ್ಲಿ, 1931ರಲ್ಲಿ ಬಂದ ಸಾರ್ವಜನಿಕ ಭದ್ರತಾ ಕಾನೂನು ಅಲೆಮಾರಿ ಗಾಯಕರು, ವಾದಕರು, ದೊಂಬರಾಟದವರೆಲ್ಲ ಹೆಸರು ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತ್ತು. ಬೀದಿ ಕಲಾವಿದ ಎಂದರೆ ಮೊದಲು ಪೊಲೀಸರ ವಿಷಯ, ಆಮೇಲೆ ಕಲೆಯ ವಿಷಯ. ಆ ನಿಯಮ ರದ್ದಾದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಫೆರಾರಾದ ಉತ್ಸವಕ್ಕೆ ಹತ್ತು ವರ್ಷ ದಾಟಿತ್ತು.

ಎರಡನೆಯ ವರ್ಷವೇ, 1989ರಲ್ಲಿ, ಇಟಲಿಯ ಜನಪ್ರಿಯ ಗಾಯಕ ಲೂಚೊ ದಾಲ್ಲಾ ಗಿಟಾರ್ ವಾದಕ ಜಿಮ್ಮಿ ವಿಲ್ಲೋತ್ತಿಯ ಜೊತೆ ಬಂದು ಬೀದಿಯಲ್ಲಿ ನಿಂತು ಕ್ಲಾರಿನೆಟ್ ನುಡಿಸಿದ. ದೊಡ್ಡ ಸಭಾಂಗಣಗಳನ್ನು ತುಂಬಿಸುವ ಕಲಾವಿದನೊಬ್ಬ ಟೋಪಿ ಮುಂದಿಟ್ಟುಕೊಂಡವರ ಸಾಲಿನಲ್ಲಿ ನಿಂತದ್ದನ್ನು ಊರಿನವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಫೆರಾರಾ ಬೊಲೋನ್ಯಾದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಪೊ ನದಿಯ ಬಯಲಿನಲ್ಲಿರುವ ಇಟ್ಟಿಗೆಯ ನಗರ. ಜನಸಂಖ್ಯೆ ಸುಮಾರು 1.3 ಲಕ್ಷ. ಎಸ್ತೆ ಮನೆತನ 1598ರವರೆಗೆ ಇದನ್ನು ಆಳಿತು. 1492ರಲ್ಲಿ ಒಂದನೆಯ ಎರ್ಕೊಲೆ ದೊರೆಯ ಅಪ್ಪಣೆಯಂತೆ ವಾಸ್ತುಶಿಲ್ಪಿ ಬ್ಯಾಜೊ ರೊಸ್ಸೆತ್ತಿ ಊರಿನ ಉತ್ತರಕ್ಕೆ ನೇರ ಬೀದಿಗಳ ಹೊಸ ಬಡಾವಣೆ ಹಾಕಿದ. ಮುಖ್ಯವಾಗಿ ಆ ಯೋಜನೆಯಿಂದಾಗಿಯೇ 1995ರಲ್ಲಿ ಯುನೆಸ್ಕೊ ಫೆರಾರಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ಸವದ ಜೀವ ಮಾತ್ರ ಆ ಅಗಲ ಬೀದಿಗಳಲ್ಲಿ ಇಲ್ಲ. ಅದಕ್ಕೂ ಹಳೆಯದಾದ ಮಧ್ಯಯುಗದ ಊರಿನಲ್ಲಿ, 1135ರಲ್ಲಿ ಪ್ರತಿಷ್ಠಾಪನೆಗೊಂಡ ಕೆಥೆಡ್ರಲ್ ಸುತ್ತಮುತ್ತ ಅದು ಮೈದುಂಬುತ್ತದೆ. ಕೆಥೆಡ್ರಲಿನ ಒಂದು ಪಕ್ಕಕ್ಕೆ ಆತುಕೊಂಡು ಹಳೆಯ ವರ್ತಕರ ಅಂಗಡಿಸಾಲು ಇದೆ, ಅದರ ಮುಂದೆ ತ್ರೆಂತೊ ಎ ತ್ರಿಯೆಸ್ತೆ ಚೌಕ. ಅಲ್ಲಿಂದ ಹೊರಟ ಕಿರುಬೀದಿಗಳಲ್ಲಿ ಎರಡು ಬದಿಯ ಗೋಡೆಗಳೇ ನಾದವನ್ನು ಹಿಡಿದು ನಿಲ್ಲಿಸುವುದರಿಂದ ಮೈಕ್ ಇಲ್ಲದ ಪಿಟೀಲು ಕೂಡ ದೂರದವರೆಗೆ ಕೇಳುತ್ತದೆ. ಈ ಉತ್ಸವಕ್ಕೆ ಊರು ಬರೀ ಹಿನ್ನೆಲೆಯ ಪರದೆಯಲ್ಲ ಎನ್ನುವುದು ಇದಕ್ಕೇ.

ಊರಿನ ನಡುವೆ ನೀರು ತುಂಬಿದ ಕಂದಕದ, ನಾಲ್ಕು ಗೋಪುರಗಳ ಎಸ್ತೆ ಕೋಟೆ. ಇದನ್ನು ಕಟ್ಟಿದ್ದು ಹೊರಗಿನ ಶತ್ರುವಿಗಿಂತ ಹೆಚ್ಚಾಗಿ ಊರಿನ ಜನರಿಗೆ ಹೆದರಿ. 1385ರಲ್ಲಿ ತೆರಿಗೆಯ ಭಾರ ತಾಳಲಾರದೆ ದಂಗೆಯೆದ್ದ ಜನ ತೊಮ್ಮಾಜೊ ದಾ ತೊರ್ತೋನಾ ಎಂಬ ಅಧಿಕಾರಿಯನ್ನು ಕೊಂದರು. ತನ್ನ ತಲೆ ಉಳಿಸಿಕೊಳ್ಳಲು ಅವನನ್ನು ಜನರ ಕೈಗೆ ಒಪ್ಪಿಸಿದ ದೊರೆ ಎರಡನೆಯ ನಿಕ್ಕೊಲೊ ಅದೇ ವರ್ಷ ಬಾರ್ತೊಲೀನೊ ದಾ ನೊವಾರಾನಿಂದ ಕೋಟೆಯ ಕೆಲಸ ಶುರು ಮಾಡಿಸಿದ. ಬೀದಿಯಲ್ಲಿ ಜನ ಗುಂಪುಗೂಡಿದರೆ ಏನಾದೀತು ಎಂಬ ಭಯದಿಂದ ಎದ್ದ ಗೋಡೆಗಳ ಕೆಳಗೇ ಈಗ ಆಗಸ್ಟಿನ ಸಂಜೆಗಳಲ್ಲಿ ಗುಂಪು ಸೇರುತ್ತದೆ.

ಸಂಗೀತದ ವಿಷಯದಲ್ಲೂ ಫೆರಾರಾದ ಹಳೆಯ ಸಂಪ್ರದಾಯ ಈ ಉತ್ಸವಕ್ಕೆ ಉಲ್ಟಾ. ಎಸ್ತೆ ದೊರೆಗಳು ಸಂಗೀತಕ್ಕೆ ಕೈಬಿಚ್ಚಿ ಖರ್ಚು ಮಾಡಿದರು. 1503ರಲ್ಲಿ ಸಂಗೀತ ರಚನಕಾರ ಜೊಸ್ಕ್ಯಾಂ ದೆ ಪ್ರೆ ಇಲ್ಲಿನ ದರ್ಬಾರಿನ ಸೇವೆಗೆ ಬಂದ. ಒಂದನೆಯ ಎರ್ಕೊಲೆಯ ಹೆಸರಿನ ಸ್ವರಾಕ್ಷರಗಳಿಂದಲೇ ಸ್ವರ ಹೆಣೆದು ಒಂದು ಪೂಜಾಸಂಗೀತವನ್ನು ರಚಿಸಿದವನು ಆತ. ಎರಡನೆಯ ಅಲ್ಫೊನ್ಸೊ 1580ರ ಹೊತ್ತಿಗೆ ಲಾವುರಾ ಪೆವೆರಾರಾ ಮೊದಲಾದ ಗಾಯಕಿಯರ ಮೇಳವೊಂದನ್ನು ಕಟ್ಟಿದ. ಇಡೀ ಇಟಲಿ ಅವರ ಬಗ್ಗೆ ಮಾತಾಡುತ್ತಿತ್ತು, ಆದರೆ ಕೇಳುವ ಭಾಗ್ಯ ದೊರೆ ಆರಿಸಿದ ಕೆಲವೇ ಅತಿಥಿಗಳಿಗೆ. ಆ ಗಾಯಕಿಯರಿಗಾಗಿ ಲುಜ್ಜಾಸ್ಕೊ ಲುಜ್ಜಾಸ್ಕಿ ರಚಿಸಿದ ಹಾಡುಗಳು ಅಚ್ಚಾದದ್ದು 1601ರಲ್ಲಿ, ಅಂದರೆ ದೊರೆ ಸತ್ತು, ಎಸ್ತೆಗಳು ಊರು ಬಿಟ್ಟ ಮೇಲೆ. ನಾನೂರು ವರ್ಷಗಳ ಹಿಂದೆ ಮುಚ್ಚಿದ ಕೋಣೆಯ ಸಂಗೀತಕ್ಕೆ ಹೆಸರಾಗಿದ್ದ ಊರು ಬೀದಿ ಸಂಗೀತಕ್ಕೆ ಹೆಸರಾದದ್ದು ಯಾರೋ ಯೋಜನೆ ಹಾಕಿ ಮಾಡಿದ ಪ್ರಾಯಶ್ಚಿತ್ತವೇನೂ ಅಲ್ಲ. ಆದರೂ ಈ ವೈರುಧ್ಯ ಗೊತ್ತಿದ್ದು ನೋಡುವವರಿಗೆ ಉತ್ಸವದ ರುಚಿಯೇ ಬೇರೆ.

ಉತ್ಸವದ ವ್ಯವಸ್ಥೆ ಸರಳ. ಪ್ರತಿವರ್ಷ ಇಪ್ಪತ್ತು ತಂಡಗಳನ್ನು ಸಂಘಟಕರು ಆರಿಸಿ ಕರೆಸುವ ಪದ್ಧತಿ ಬೆಳೆದುಬಂತು. ಯಾವುದಾದರೂ ಒಂದು ದೇಶವನ್ನು ಆ ವರ್ಷದ ಅತಿಥಿ ದೇಶವೆಂದು ಘೋಷಿಸುವುದೂ ರೂಢಿಗೆ ಬಂತು. ಆಹ್ವಾನಿತರಿಗೆ ವಸತಿ ಮತ್ತು ಪ್ರಯಾಣದ ಖರ್ಚಿನಲ್ಲಿ ನೆರವು ಸಿಗುತ್ತದೆ. ಸಂಭಾವನೆ ಮಾತ್ರ ಇಲ್ಲ. ಇವರಲ್ಲದೆ ಹೆಸರು ನೋಂದಾಯಿಸಿ ತಮ್ಮ ಖರ್ಚಿನಲ್ಲೇ ಬರುವವರು ನೂರಾರು ಮಂದಿ. ಎರಡೂ ಬಗೆಯವರಿಗೆ ಸಂಪಾದನೆ ಒಂದೇ ಕಡೆಯಿಂದ: ಮುಂದಿಟ್ಟ ಟೋಪಿಯಿಂದ.

ಟೋಪಿಯ ಲೆಕ್ಕಾಚಾರ ಹೊರಗಿನವರಿಗೆ ತೋರುವಷ್ಟು ಸುಲಭವಲ್ಲ. ವಾದಕನ ಮುಂದೆ ಜನ ಬರುತ್ತ ಹೋಗುತ್ತ ಇರುತ್ತಾರೆ. ಅವನಿಗೆ ಚಿಲ್ಲರೆ ಬೀಳುವುದು ಹನಿಹನಿಯಾಗಿ, ಸಿ.ಡಿ. ಮಾರಾಟವಾದರೆ ಅದೇ ಲಾಭ. ಕಸರತ್ತಿನವನದು ಬೇರೆ ಕಸುಬು. ಆತ ಮೊದಲು ಜನರನ್ನು ವೃತ್ತಾಕಾರವಾಗಿ ನಿಲ್ಲಿಸಬೇಕು, ಮುಂದಿನವರನ್ನು ನೆಲದ ಮೇಲೆ ಕೂರಿಸಬೇಕು, ಹಿಂದಿನವರು ಜಾರಿಹೋಗದಂತೆ ಮಾತಾಡುತ್ತಲೇ ಇರಬೇಕು. ಹಣ ಕೇಳುವ ಮಾತು ಬರುವುದು ಕೊನೆಯ ಸಾಹಸಕ್ಕೆ ಮುಂಚೆ, ನಂತರವಲ್ಲ. ಆಟ ಮುಗಿದ ಕ್ಷಣವೇ ಜನ ಚದುರಿಬಿಡುತ್ತಾರೆ. ಪಕ್ಕದ ಚೌಕದಲ್ಲಿ ಜೋರಾಗಿ ಆಂಪ್ಲಿಫೈಯರ್ ಹಾಕಿದ ತಂಡವಿದ್ದರೆ ಮೆಲುದನಿಯ ವಾದಕನಿಗೆ ಆ ಸಂಜೆ ನಷ್ಟ. ತಟ್ಟೆಗೆ ಕಾಸು ಹಾಕಿಸಿಕೊಂಡು ಬದುಕಿದ ನಮ್ಮ ದೊಂಬರಿಗೂ ಈ ವಿದ್ಯೆ ಹೊಸದಲ್ಲ.

ಆಗಸ್ಟಿನ ಕೊನೆಯನ್ನು ಆರಿಸಿಕೊಂಡದ್ದರಲ್ಲಿ ಜಾಣತನವಿದೆ. ಪೊ ಬಯಲಿನ ಬೇಸಿಗೆ ಬೆವರು ಮತ್ತು ಸೊಳ್ಳೆಯ ಕಾಲ. ಆಗಸ್ಟ್ 15ರ ರಜೆಯ ಸುತ್ತ ಇಟಲಿಯ ಊರುಗಳು ಅಂಗಡಿ ಮುಚ್ಚಿ ಸಮುದ್ರ ತೀರಕ್ಕೆ ಹೋಗಿಬಿಡುತ್ತವೆ. ಆ ಸತ್ತ ದಿನಗಳ ಬೆನ್ನಿಗೇ ಉತ್ಸವ ಬಂದದ್ದರಿಂದ ಹೋಟೆಲು, ಐಸ್‌ಕ್ರೀಮ್ ಅಂಗಡಿಗಳಿಗೆ ಹೊಸ ಸುಗ್ಗಿ ಸಿಕ್ಕಿತು. ಕೊಮಾಕ್ಯೊದಂಥ ಹತ್ತಿರದ ಊರುಗಳಿಗೂ ಒಂದೊಂದು ಸಂಜೆ ಹಂಚುವುದು ಬೆಳೆಯಿತು. 2012ರ ಮೇ ತಿಂಗಳ ಭೂಕಂಪ ಕೋಟೆಯೂ ಸೇರಿದಂತೆ ಹಲವು ಕಟ್ಟಡಗಳಿಗೆ ಪೆಟ್ಟು ಕೊಟ್ಟಿತ್ತು. ಆ ವರ್ಷವೂ ಉತ್ಸವ ನಿಲ್ಲಲಿಲ್ಲ.

ಬಂದವರ ಸಂಖ್ಯೆ ಕೆಲವು ವರ್ಷ 8 ಲಕ್ಷದವರೆಗೆ ಏರಿತ್ತು ಎಂದು ಸಂಘಟಕರು ಹೇಳಿಕೊಂಡಿದ್ದಾರೆ. ಬಾಗಿಲೇ ಇಲ್ಲದ ಕಡೆ ತಲೆ ಎಣಿಸಿದ ಲೆಕ್ಕವನ್ನು ಸ್ವಲ್ಪ ಕೈ ಹಿಡಿದೇ ನಂಬಬೇಕು. ಸಂಖ್ಯೆ ಎಷ್ಟೇ ಇರಲಿ, ಕಸ ತೆಗೆಯುವುದು, ಶೌಚಾಲಯ, ಭದ್ರತೆ, ಕಲಾವಿದರ ವಸತಿ ಇವೆಲ್ಲಕ್ಕೂ ಯಾರೋ ಹಣ ಕೊಡಬೇಕು. ನಗರಸಭೆ, ಪ್ರಾಯೋಜಕರು, ಜನರ ಕೊಡುಗೆ ಸೇರಿ ಆ ಭಾರ ಹೊತ್ತಿದ್ದವು. ಕೋವಿಡ್ ಬಂದು ಗುಂಪು ಸೇರುವುದಕ್ಕೇ ಕಡಿವಾಣ ಬಿದ್ದಾಗ ಈ ಏರ್ಪಾಡು ಅಲುಗಾಡಿತು. ಮುಂಗಡ ಕಾಯ್ದಿರಿಸುವಿಕೆ ಬಂತು, ಅದರ ಬೆನ್ನಿಗೆ ಪ್ರವೇಶ ಟಿಕೆಟ್ ಬಂತು, ಊರಿನಲ್ಲಿ ಚರ್ಚೆಯೂ ಎದ್ದಿತು. ಖರ್ಚಿನ ವಾದವನ್ನು ತಳ್ಳಿಹಾಕಲಾಗದು. ಆದರೆ ಬಾಗಿಲಲ್ಲಿ ದುಡ್ಡು ತೆತ್ತು ಬಂದವನು ಮತ್ತೆ ಟೋಪಿಗೆ ಕೈ ಹಾಕುವುದು ಕಡಿಮೆ. ದಾರಿಯಲ್ಲಿ ಹೋಗುತ್ತಿದ್ದವನು ತಾನಾಗಿ ನಿಂತು, ಇಷ್ಟವಾದರೆ ಕೊಟ್ಟು, ಇಲ್ಲವಾದರೆ ಮುಂದೆ ಸಾಗುವ ಸ್ವಾತಂತ್ರ್ಯವೇ ಬೀದಿ ಕಲೆಯ ನಿಜವಾದ ವಿಮರ್ಶೆ. ಟಿಕೆಟ್ ಅದನ್ನು ಕಿತ್ತುಕೊಂಡರೆ ಉಳಿಯುವುದು ಬಯಲಿನಲ್ಲಿ ನಡೆಯುವ ಇನ್ನೊಂದು ಕಛೇರಿ ಅಷ್ಟೆ.

ನೋಡಬಯಸುವವರಿಗೆ ಬೊಲೋನ್ಯಾ ಹತ್ತಿರದ ದೊಡ್ಡ ನಿಲ್ದಾಣ; ಅಲ್ಲಿಂದ ಫೆರಾರಾಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ದಿನಾಂಕ ಮತ್ತು ಪ್ರವೇಶದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು, ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡಿರಬೇಕು.